ಫೋಟೊ ಹಾಕುವಾಗ ಎರಡು ಸಾಲು ಬರೆಯಿರಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಎಲ್ಲಿ ಸೇರುವುದು ಅನ್ನುವುದನ್ನು ನಮ್ಮ ಗುಂಪಿನಲ್ಲಿ ಯಾರೋ ಫೋಟೊ ಮಾಡಿ ಹಾಕಿದ್ದೀರಿ. ನನಗೆ ಕಣ್ಣು ಕಾಣುವುದಿಲ್ಲ, ಪರದೆಯಲ್ಲಿ ಇರುವುದನ್ನು ಓದಿ ಹೇಳುವ ನನ್ನ ಫೋನಿನ ಟಾಕ್‌ಬ್ಯಾಕ್ ಅದನ್ನು ಬರೀ 'ಫೋಟೊ' ಅಂತ ಓದಿತು, ಕುಕ್ಕರಹಳ್ಳಿ ಕೆರೆ ಹತ್ತಿರವೋ ಪುರಭವನದ ಹತ್ತಿರವೋ ಗೊತ್ತಾಗಲೇ ಇಲ್ಲ. ದಯವಿಟ್ಟು ಜಾಗ, ಸಮಯ ಟೈಪ್ ಮಾಡಿ ಹಾಕಿ, ಇಲ್ಲವೇ ವಾಯ್ಸ್ ಕಳಿಸಿ.

ಹೊಸದಾಗಿ ಸ್ಮಾರ್ಟ್‌ಫೋನ್ ತೆಗೆದುಕೊಂಡವರಿಗೆ ಒಂದು ಮಾತು. ಆಂಡ್ರಾಯ್ಡ್ ಆದರೆ ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿಯಲ್ಲಿ ಟಾಕ್‌ಬ್ಯಾಕ್ ಇರುತ್ತದೆ, ದುಡ್ಡು ಕೊಡಬೇಕಿಲ್ಲ. ಐಫೋನಿನಲ್ಲಿ ಅದರ ಹೆಸರು ವಾಯ್ಸ್‌ಓವರ್. ಅದು ಆನ್ ಆದಮೇಲೆ ಒಂದು ಬೆರಳು ಮುಟ್ಟಿದರೆ ಓದುತ್ತದೆ, ಎರಡು ಸಲ ಬೇಗ ತಟ್ಟಿದರೆ ತೆರೆಯುತ್ತದೆ, ಆಂಡ್ರಾಯ್ಡ್‌ನಲ್ಲಿ ಪುಟ ಸರಿಸಲು ಎರಡು ಬೆರಳು ಬೇಕು. ಮನೆಯವರು ಇದು ಗೊತ್ತಿಲ್ಲದೆ ಒಂದೇ ಬೆರಳಲ್ಲಿ ತಳ್ಳಿ, ಫೋನ್ ಕೆಟ್ಟಿದೆ ಅಂದುಕೊಂಡು ಟಾಕ್‌ಬ್ಯಾಕ್ ಆಫ್ ಮಾಡಿಬಿಡುತ್ತಾರೆ. ಹಾಗೆ ಮಾಡಬೇಡಿ ಅಂತ ಅವರಿಗೂ ಹೇಳಿ, ಅದು ನಮ್ಮ ಕಣ್ಣು ಅಲ್ವಾ.

ಇನ್ನೊಂದು, ದೇವರಾಜ ಮಾರುಕಟ್ಟೆಯಲ್ಲಿ ಚಿಲ್ಲರೆ ತೆಗೆದುಕೊಳ್ಳುವಾಗ ನನಗೆ ಜಾಸ್ತಿ ಉಪಯೋಗ ಆಗಿರುವುದು ರಿಸರ್ವ್ ಬ್ಯಾಂಕಿನವರು 2020ರಲ್ಲಿ ತಂದ 'ಮನಿ' (MANI) ಆ್ಯಪ್. ಕ್ಯಾಮೆರಾ ಮುಂದೆ ನೋಟು ಹಿಡಿದರೆ ಎಷ್ಟರದು ಅಂತ ಹೇಳುತ್ತದೆ, ಇಂಟರ್ನೆಟ್ ಬೇಡ. ಅಸಲಿಯೋ ನಕಲಿಯೋ ಮಾತ್ರ ಹೇಳುವುದಿಲ್ಲ. ಹಾಕಿಕೊಳ್ಳಲು ಕಷ್ಟವಾದರೆ ಸಂಜೆ ಆರರ ಮೇಲೆ ನನಗೆ ಕರೆ ಮಾಡಿ.