ಕಣ್ಣಿನ ಮದ್ದಿನ ಚೀಟಿ ಕನ್ನಡದಲ್ಲೂ ಕೊಡಿ

ಸಂಪಾದಕರಿಗೆ ನಮಸ್ಕಾರ,

ಹೋದ ತಿಂಗಳು ಅಮ್ಮನಿಗೆ ಒಂದು ಕ್ಯಾಂಪಿನ ಲೆಕ್ಕದಲ್ಲಿ ಕಣ್ಣಿನ ಪೊರೆಯ ಆಪರೇಶನ್ ಆಯ್ತು. ಒಳ್ಳೆದೇ ಆಯ್ತು, ಅದರಲ್ಲಿ ತಕರಾರಿಲ್ಲ. ಆದ್ರೆ ಮನೆಗೆ ಕಳಿಸುವಾಗ ಕೊಟ್ಟ ಚೀಟಿ ಒಂದು ಬದಿ ಇಂಗ್ಲಿಷ್, ಮತ್ತೊಂದು ಬದಿ ಮಲಯಾಳಂ. ಅಮ್ಮನಿಗೆ ಮಲಯಾಳಂ ಮಾತಾಡ್ಲಿಕ್ಕೆ ಬರ್ತದೆ, ಓದ್ಲಿಕ್ಕೆ ಬರುವುದಿಲ್ಲ, ಕಲಿತದ್ದು ಕನ್ನಡ ಶಾಲೆಯಲ್ಲಿ. ಸಂಜೆ ನಾನು ಬರುವಾಗ ಎರಡು ಬಾಟ್ಲಿ ಎದುರಿಟ್ಟುಕೊಂಡು ಕೂತಿದ್ರು, ಯಾವುದು ಆರು ಸಲ ಯಾವುದು ನಾಲ್ಕು ಸಲ ಅಂತ ಗೊತ್ತಾಗದೆ ಮಧ್ಯಾಹ್ನದಿಂದ ಕಣ್ಣಿಗೆ ಮದ್ದೇ ಹಾಕಿರಲಿಲ್ಲ. ಒಂದರ ಕುತ್ತಿಗೆಗೆ ಕೆಂಪು ನೂಲು ಕಟ್ಟಿ, ಕ್ಯಾಲೆಂಡರಿನ ಹಿಂದೆ ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿದೆ.

ನಾನು ಬದಿಯಡ್ಕದಲ್ಲಿ ಕನ್ನಡಕದ ಅಂಗಡಿಯಲ್ಲಿರುವವ, ಕಣ್ಣಿನ ವಿಷಯ ಸಿಕ್ಕಿದ್ದೆಲ್ಲ ಓದ್ತೇನೆ. ಜರ್ಮನಿಯಲ್ಲಿ ಗೇಯೋರ್ಗ್ ಬಾರ್ಟಿಶ್ ಅಂತ ಒಬ್ಬ ಇದ್ದ, 1535ರಲ್ಲಿ ಡ್ರೆಸ್ಡೆನ್ ಹತ್ತಿರ ಹುಟ್ಟಿದವ. ಯೂನಿವರ್ಸಿಟಿ ಮೆಟ್ಟಿಲು ಹತ್ತಿದವ ಅಲ್ಲ, 13ನೇ ವಯಸ್ಸಿಗೇ ಕ್ಷೌರಿಕನ ಹತ್ತಿರ ಕೆಲಸಕ್ಕೆ ಸೇರಿದ, ಆಗ ಅಲ್ಲಿ ಗಡ್ಡ ಬೋಳಿಸುವವರೇ ಶಸ್ತ್ರಚಿಕಿತ್ಸೆಯೂ ಮಾಡುವುದು ಮಾರಾಯ್ರೆ. ಊರೂರು ಸುತ್ತಿ ಸೂಜಿಯಲ್ಲಿ ಪೊರೆಯನ್ನು ಕಣ್ಣಿನ ಒಳಗೇ ಕೆಳಗೆ ದೂಡಿದ. ಹೌದು, ದೂಡುವುದೇ, ಹೊರಗೆ ತೆಗೆಯುವುದಲ್ಲ, ನಮ್ಮ ಸುಶ್ರುತ ಹೇಳಿದ ಹಾಗೆಯೇ, ಮರಗಟ್ಟಿಸುವ ಇಂಜೆಕ್ಷನ್ ಎಲ್ಲ ಎಲ್ಲಿಂದ, ರೋಗಿಯ ತಲೆಯನ್ನು ಹಿಂದಿನಿಂದ ಒಬ್ಬ ಗಟ್ಟಿ ಹಿಡ್ಕೊಳ್ಬೇಕು ಅಷ್ಟೆ. ಕೊನೆಗೆ ಸ್ಯಾಕ್ಸನಿ ಅರಮನೆಯ ಕಣ್ಣಿನ ವೈದ್ಯನೂ ಆದ.

ಅವ 1583ರಲ್ಲಿ ಕಣ್ಣಿನ ರೋಗಗಳ ಬಗ್ಗೆ ಒಂದು ದೊಡ್ಡ ಪುಸ್ತಕ ಅಚ್ಚು ಹಾಕಿಸಿದ. ಪಂಡಿತರೆಲ್ಲ ಲ್ಯಾಟಿನ್‌ನಲ್ಲಿ ಬರೆಯುವ ಕಾಲ, ಇವ ಬರೆದದ್ದು ಜನ ಮಾತಾಡುವ ಜರ್ಮನ್‌ನಲ್ಲಿ. ಸಾಲದ್ದಕ್ಕೆ ಮರದಚ್ಚಿನ 90ಕ್ಕಿಂತ ಹೆಚ್ಚು ಚಿತ್ರ, ಕೆಲವು ಒಂದರ ಮೇಲೊಂದು ಅಂಟಿಸಿದ ಕಾಗದದ ಪದರ, ಮೇಲಿನದ್ದು ಎತ್ತಿದ್ರೆ ಕಣ್ಣಿನ ಒಳಗಿನದ್ದು ಕಾಣ್ತದೆ. ಅವ ಹೇಳಿದ್ದೆಲ್ಲ ಸರಿ ಅಂತ ಅಲ್ಲ, ಮಾಟದಿಂದ ಕಣ್ಣು ಹೋಗ್ತದೆ ಅಂತ ನಂಬಿದ್ದ, ಕನ್ನಡಕ ಬೇಡವೇ ಬೇಡ ಅಂತಿದ್ದ, ಅವನ ಮಾತು ಕೇಳಿದ್ರೆ ನನ್ನ ಅನ್ನಕ್ಕೇ ಕಲ್ಲು. ಆದ್ರೆ ಜನರಿಗೆ ತಿಳಿಯುವ ಭಾಷೆಯಲ್ಲಿ ಬರೆದ, ನಾನು ಕೇಳುವುದೂ ಅಷ್ಟೇ.

ಕಾಸರಗೋಡು, ಮಂಜೇಶ್ವರ ತಾಲೂಕಿನಲ್ಲಿ ಕನ್ನಡದವರಿದ್ದಾರೆ ಅಂತ ಕ್ಯಾಂಪ್ ಮಾಡುವವರಿಗೆ ಗೊತ್ತಿಲ್ಲದ್ದಲ್ಲ, ನೋಟೀಸು ಕನ್ನಡದಲ್ಲೇ ಹಂಚಿದ್ರು. ಅಮ್ಮನ ಇನ್ನೊಂದು ಕಣ್ಣಿಗೆ ಮುಂದಿನ ತಿಂಗಳು ಹೇಳಿದ್ದಾರೆ. ಚೀಟಿಯಲ್ಲಿ ನಾಲ್ಕು ಸಾಲು ಕನ್ನಡ ಸೇರಿಸಿ, ಬರೆಯುವವರಿಲ್ಲ ಅಂತಾದ್ರೆ ನಾನೇ ಬಂದು ಬರೆದು ಕೊಡ್ತೇನೆ.

– ಒಬ್ಬ ಓದುಗ, ಬದಿಯಡ್ಕ