ಶನಿವಾರದ ಓದುಕೂಟ: ಸಮಯ ಬದಲು

ಎಲ್ಲರಿಗೂ ನಮಸ್ಕಾರ. ಈ ಶನಿವಾರ ನಾವು ಸೇರುವುದು ಸಂಜೆ 4ಕ್ಕಲ್ಲ, 5ಕ್ಕೆ. ಜಾಗ ಅದೇ, ಜಯನಗರ ಮೆಟ್ರೋ ಹತ್ತಿರದ ಮಹಡಿ ಮನೆ. ಜೈಲು ಕೌನ್ಸೆಲಿಂಗ್ ಕಲಿಯುತ್ತಿರುವವರು ತಪ್ಪಿಸಬೇಡಿ.

ವಿಷಯ: ತೀವ್ರ ವ್ಯಕ್ತಿತ್ವ ದೋಷವಿದ್ದು (ಪರ್ಸನಾಲಿಟಿ ಡಿಸಾರ್ಡರ್, ಯೋಚನೆ, ವರ್ತನೆ, ಸಂಬಂಧಗಳನ್ನು ಕೆಡಿಸುವ ಮಾನಸಿಕ ತೊಂದರೆ), ಮತ್ತೆ ಅಪರಾಧ ಮಾಡುವ ಅಪಾಯ ಜಾಸ್ತಿ ಇರುವ ಕೈದಿಗಳ ಚಿಕಿತ್ಸೆ. ಇಂಗ್ಲೆಂಡಿನಲ್ಲಿ ಇದಕ್ಕೆಂದೇ ವೈಟ್‌ಮೂರ್, ಫ್ರಾಂಕ್‌ಲ್ಯಾಂಡ್ ಜೈಲುಗಳಲ್ಲೂ ಬ್ರಾಡ್‌ಮೂರ್, ರಾಂಪ್ಟನ್ ಆಸ್ಪತ್ರೆಗಳಲ್ಲೂ ಬೇರೆ ಘಟಕ ತೆರೆದಿದ್ದರು. ಖರ್ಚು ವಿಪರೀತ, ಫಲ ಎಷ್ಟು ಅನ್ನುವುದೇ ಜಗಳ. ಆಮೇಲೆ ದಾರಿ ಬದಲಿಸಿ, ಜೈಲಿನಿಂದ ಬಿಡುಗಡೆಯ ನಂತರದ ನಿಗಾ ಅವಧಿ, ಅಂದರೆ ಪ್ರೊಬೇಷನ್‌ವರೆಗೂ ಜೊತೆಗಿರುವ ವ್ಯವಸ್ಥೆ ತಂದರು. ನನಗೆ ಇದೇ ಸರಿ ಅನ್ನಿಸುತ್ತದೆ. ಗೇಟು ದಾಟಿದ ಮೇಲೆ ತಾನೆ ಕಷ್ಟ ಶುರುವಾಗುವುದು, ಅಲ್ವಾ?

ಬರುವ ಮೊದಲು ನಮ್ಮ 2017ರ ಮಾನಸಿಕ ಆರೋಗ್ಯ ಕಾಯ್ದೆಯ 103ನೇ ಸೆಕ್ಷನ್ ಓದಿ. ಪ್ರತಿ ರಾಜ್ಯದ ಒಂದು ಜೈಲಿನಲ್ಲಾದರೂ ಮಾನಸಿಕ ಚಿಕಿತ್ಸಾ ಕೇಂದ್ರ ಇರಬೇಕು ಅನ್ನುತ್ತದೆ ಅದು.

ಕೈದಿಗಳ ಹೆಸರು, ಕೇಸಿನ ವಿವರ ಇಲ್ಲಿ ಹಾಕಲೇಬೇಡಿ. ಹೋದ ಸಲ ಫೈಲಿನ ಫೋಟೋ ಅಳಿಸುವಷ್ಟರಲ್ಲಿ ಹನ್ನೊಂದು ಜನ ನೋಡಿಬಿಟ್ಟಿದ್ದರು.

ಶುಕ್ರವಾರ ರಾತ್ರಿಯೊಳಗೆ ‘ಬರ್ತೀನಿ’ ಅಂತ ಟೈಪ್ ಮಾಡಿ. ಸುಮ್ನೆ ಹೆಬ್ಬೆರಳು ಒತ್ತಿದರೆ ಲೆಕ್ಕಕ್ಕಿಲ್ಲ, ಚುರುಮುರಿ ಹೇಳುವುದಿದೆ.