ಹಾಲು ಹಿಂಡಲು ಚಿಲಕವಿರುವ ಒಂದು ಕೋಣೆ ಬೇಕು

ಮಾನ್ಯ ಸಂಪಾದಕರೇ,

ಆಗಸ್ಟ್ 1ರಿಂದ 7ರವರೆಗೆ ನಡೆದ ಸ್ತನ್ಯಪಾನ ಸಪ್ತಾಹದ ಫೋಟೊಗಳನ್ನು ನಿಮ್ಮ ಪತ್ರಿಕೆಯಲ್ಲಿ ನೋಡಿದೆ. ದೀಪ ಹಚ್ಚಿದ್ದರು, 'ತಾಯಿಯ ಹಾಲು ಅಮೃತ' ಅಂತ ಬ್ಯಾನರ್ ಕಟ್ಟಿದ್ದರು. ಅಮೃತವೇ, ಇಲ್ಲ ಅನ್ನಲ್ಲ. ಅದನ್ನು ಎಲ್ಲಿ ಕೂತು ಹಿಂಡೋದು ಅಂತ ಮಾತ್ರ ಯಾರೂ ಹೇಳಲಿಲ್ಲ.

ನಾನು ನಮ್ಮೂರಿನ ಮಹಿಳಾ ಡೇರಿಯಲ್ಲಿ ಹಾಲು ಪರೀಕ್ಷಕಿ. ದಿನಾ ಎರಡು ಹೊತ್ತು ಬೇರೆಯವರ ಹಾಲಿನ ಫ್ಯಾಟು, ಡಿಗ್ರಿ ನೋಡುವವಳು. ಮನೆಯಲ್ಲಿ ಎರಡು ಹಸು ಇವೆ. ಹತ್ತು ವರ್ಷದವಳಿದ್ದಾಗಿನಿಂದ ಹಾಲು ಕರೆದ ಕೈ ಇದು. ಅಂಥವಳು ಮೇ ಕೊನೆಯಲ್ಲಿ 5 ಎಂಎಲ್ ಹಾಲಿಗೆ ಮುಕ್ಕಾಲು ಗಂಟೆ ಒದ್ದಾಡಿದೆ.

ಮಗ ಹುಟ್ಟಿದ್ದು 33 ವಾರಕ್ಕೆ, ಆಪರೇಷನ್ ಆಗಿ. ತೂಕ 1 ಕೆಜಿ 700 ಗ್ರಾಂ. ಅಷ್ಟು ಬೇಗ ಹುಟ್ಟಿದ ಕೂಸಿಗೆ ಚೀಪುವುದು, ನುಂಗುವುದು, ಉಸಿರಾಡುವುದು ಮೂರೂ ಒಟ್ಟಿಗೆ ಹೊಂದಿ ಬರಲ್ಲವಂತೆ. ಅವನು ಕೆಳಗೆ ಮಕ್ಕಳ ಐಸಿಯುನಲ್ಲಿ, ನಾನು ಮೇಲಿನ ವಾರ್ಡಿನಲ್ಲಿ. 'ಮೂರು ಗಂಟೆಗೊಂದು ಸಲ ಹಿಂಡಿ ಕಳಿಸಿ, 5 ಎಂಎಲ್ ಸಾಕು' ಅಂದರು ಸಿಸ್ಟರ್. ರಾತ್ರಿನೂ. ಹೇಗೆ ಅಂತ ಕೇಳಿದರೆ ಗೋಡೆಯ ಮೇಲಿನ ಚಿತ್ರ ತೋರಿಸಿದರು. ಎಲ್ಲಿ ಅಂತ ಕೇಳಿದರೆ ಸುಮ್ಮನಾದರು. ವಾರ್ಡಿನಲ್ಲಿ ಒಂದು ಮಂಚಕ್ಕೆ ನಾಲ್ಕು ಜನ ನೆಂಟರು, ಅದರಲ್ಲಿ ಗಂಡಸರೇ ಜಾಸ್ತಿ. ಕೊನೆಗೆ ಬಚ್ಚಲ ಪಕ್ಕದ ಸಂದಿಯಲ್ಲಿ ಬಕೆಟ್ ಬೋರಲು ಹಾಕಿ ಕೂತೆ. ಅಮ್ಮ ಸೆರಗು ಹಿಡಿದು ಅಡ್ಡ ನಿಂತಳು.

ಹಸುವಿಗೆ ಹಾಕುವ ಕೈಯನ್ನೇ ಹಾಕಿದೆ. ತೊಟ್ಟು ಹಿಡಿದು ಎಳೆದೆ. ಅದು ಕೆಂಪಗಾಗಿ ಬಿರಿಯಿತು, ಬಟ್ಟಲ ತಳ ಒದ್ದೆಯಾಯಿತು, ಅಷ್ಟೇ. ಮರುದಿನ ನೆಲ ಒರೆಸಲು ಬಂದ ಆಯಮ್ಮ ನೋಡಿದರು. ಪೊರಕೆ ಪಕ್ಕಕ್ಕಿಟ್ಟು, ಸೋಪು ಹಾಕಿ ಕೈ ತೊಳೆದುಕೊಂಡು ಬಂದರು. 'ಇದೇನು ಹಸೀನ ಕೆಚ್ಲೇನವ್ವಾ? ತೊಟ್ಟು ಬಿಡು' ಅಂದರು. ಕಪ್ಪು ಭಾಗದ ಅಂಚಿನಲ್ಲಿ ಮೇಲೆ ಹೆಬ್ಬೆಟ್ಟು, ಕೆಳಗೆ ಬೆರಳು. ಮೊದಲು ಎದೆಗೂಡಿನ ಕಡೆಗೆ ಒಳಕ್ಕೆ ಒತ್ತು, ಆಮೇಲೆ ಅದುಮು, ಬಿಡು. ಬೆರಳಿನ ಜಾಗ ಬದಲಿಸು. ನಾಲ್ಕನೇ ಸಲಕ್ಕೆ ಹಳದಿ ಹನಿಯೊಂದು ಮೂಡಿತು. ಡೇರಿಯಲ್ಲಿ ನಾನು ವಾಪಸ್ ಕಳಿಸುವ ಗಿಣ್ಣು ಹಾಲಿನದೇ ಬಣ್ಣ. ಪಕ್ಕದ ಮಂಚದ ಅಜ್ಜಿ 'ಕೆಟ್ಟ ಹಾಲು, ಚೆಲ್ಲು' ಅಂದರು. ಹಸುವಿನ ಗಿಣ್ಣಿಗೆ ಬೆಲ್ಲ, ಏಲಕ್ಕಿ ಹಾಕಿ ಚಪ್ಪರಿಸುವ ನಾವು ಮಗುವಿನ ಗಿಣ್ಣನ್ನು ಚೆಲ್ಲು ಅಂತೀವಲ್ಲ! ಚೆಲ್ಲಲಿಲ್ಲ. 2 ಎಂಎಲ್ ಆಗಿತ್ತು. ಸಿರಿಂಜಿನಲ್ಲಿ ಎಳೆದು, ಮಗನ ಹೊಟ್ಟೆಗೆ ಹಾಲು ಹೋಗಲು ಹಾಕಿದ್ದ ನಳಿಕೆಗೆ ಬಿಟ್ಟರು.

ಹಾಲು ಸರಿಯಾಗಿ ಇಳಿದದ್ದು ನಾಲ್ಕನೇ ದಿನ. ಮಗುವಿನ ಕುಲಾವಿಯನ್ನು ಒಗೆಯಲು ಕೊಟ್ಟಿದ್ದರು. ಸುಮ್ನೆ ಮೂಗಿಗೆ ಹಿಡಿದೆ. ಎರಡೂ ಕಡೆ ಜುಮ್ಮೆಂದು ರವಿಕೆ ಒದ್ದೆಯಾಯಿತು. ಕರು ಮುಂದೆ ಬಂದರೆ ತಾನೇ ಹಸು ಸೊರ ಬಿಡೋದು, ಕೆಚ್ಚಲಿಗೆ ಹಾಲು ಇಳಿಸೋದು? ಕರುವನ್ನು ಕೆಳಗಿನ ಮಹಡಿಯಲ್ಲಿ ಕಟ್ಟಿ, ಹಸುವನ್ನು ಬಚ್ಚಲ ಸಂದಿಯಲ್ಲಿ ನಿಲ್ಲಿಸಿ ಹಾಲು ಕೊಡು ಅಂದರೆ ಅದು ಎಲ್ಲಿಂದ ಕೊಟ್ಟೀತು?

ಆ ರಾತ್ರಿ ಎದೆ ಕಲ್ಲಾಗಿ ಮೈ ಬಿಸಿಯಾಯಿತು. 30 ಎಂಎಲ್ ಹಿಂಡಿದೆ. ಮಗುವಿಗೆ ಬೇಕಿದ್ದು 10. ಹೊರಗೆ ನಾಲ್ಕು ಗಂಟೆಗಿಂತ ಜಾಸ್ತಿ ಇಡಬಾರದು, ಫ್ರಿಜ್ ಇಲ್ಲ ಅಂತ ಉಳಿದದ್ದನ್ನು ಚೆಲ್ಲಿಸಿದರು. ಡೇರಿಯಲ್ಲಿ ಹಸುವಿನ ಹಾಲನ್ನು 4 ಡಿಗ್ರಿಗೆ ತಣಿಸಿ ಕಾಯುವವಳು ನಾನು. ಅವತ್ತು ಅತ್ತಷ್ಟು ಹೆರಿಗೆ ದಿನವೂ ಅತ್ತಿರಲಿಲ್ಲ.

ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ 2022ರಿಂದ ಎದೆಹಾಲಿನ ಬ್ಯಾಂಕೇ ಇದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಇಂಥ ಕೇಂದ್ರ ಹೇಗಿರಬೇಕು ಅಂತ ಕೇಂದ್ರ ಸರ್ಕಾರದ ಮಾರ್ಗಸೂಚಿ 2017ರಲ್ಲೇ ಬಂದಿದೆ. ನಾನು ಅಷ್ಟೆಲ್ಲ ಕೇಳುತ್ತಿಲ್ಲ. ಐಸಿಯು ಪಕ್ಕದಲ್ಲೇ ಒಂದು ಕೋಣೆ. ಬೆನ್ನು ಒರಗಿಸುವ ಕುರ್ಚಿ, ಏಕೆಂದರೆ ಹೊಲಿಗೆ ಬಿದ್ದವರಿಗೆ ಸ್ಟೂಲಿನ ಮೇಲೆ ಕೂರಲು ಆಗಲ್ಲ. ನಲ್ಲಿ, ಸೋಪು, ಚಿಕ್ಕ ಫ್ರಿಜ್. ಒಳಗಿನಿಂದ ಹಾಕುವ ಚಿಲಕ. ಮೊದಲ ದಿನವೇ ಕೈ ಹಿಡಿದು ತೋರಿಸುವವರು ಒಬ್ಬರು. ಆ ಆಯಮ್ಮನಿಗೇ ಈ ಕೆಲಸ ವಹಿಸಿ ಸಂಬಳ ಹೆಚ್ಚಿಸಿದರೂ ಆದೀತು. ಕೆಎಸ್‌ಆರ್‌ಟಿಸಿಯ ಕೆಲವು ಬಸ್ ನಿಲ್ದಾಣಗಳಲ್ಲೇ ಮಗುವಿಗೆ ಹಾಲೂಡಿಸಲು ಕೋಣೆ ಇದೆ. ಹೆರಿಗೆ ಆಗುವ ಕಡೆ ಇಲ್ಲ ಅಂದರೆ ಹೇಗೆ?

ಮಗ ಒಳಲೆಯಲ್ಲಿ ಹಾಲು ಕುಡಿಯೋದು ಬಿಟ್ಟು ಎರಡು ವಾರವಾಯಿತು, ಈಗ ಎದೆಗೇ ಬಾಯಿ ಹಾಕುತ್ತಾನೆ. 3 ಕೆಜಿ ದಾಟಿದ್ದಾನೆ. ದಯವಿಟ್ಟು ನನ್ನ ಹೆಸರು, ಊರು ಹಾಕಬೇಡಿ. ಮುಂದಿನ ವಾರ ಹತ್ತು ವಾರದ ಚುಚ್ಚುಮದ್ದಿಗೆ ಅದೇ ಆಸ್ಪತ್ರೆಗೆ ಹೋಗಬೇಕು.

— ಒಬ್ಬ ಬಾಣಂತಿ